ಮುಂದಿನ ವಿನಾಯಿತಿಗೆ ಮುನ್ನ

ಕರ್ನಾಟಕ ವಿಧಾನಮಂಡಲದ ಉಭಯ ಸದನಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

2020ರ ಮೇ 22ರಂದು ನಮ್ಮ ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕಾರ್ಖಾನೆಗಳ ಕಾಯ್ದೆಯ 51 ಮತ್ತು 54ನೇ ಸೆಕ್ಷನ್‌ಗಳಿಂದ ರಾಜ್ಯದ ಎಲ್ಲ ನೋಂದಾಯಿತ ಕಾರ್ಖಾನೆಗಳಿಗೂ ಮೂರು ತಿಂಗಳ ವಿನಾಯಿತಿ ಸಿಕ್ಕಿತು. ದಿನಕ್ಕೆ 9 ಗಂಟೆ ಇದ್ದ ಕೆಲಸದ ಮಿತಿ 10ಕ್ಕೆ ಏರಿತು. ವಾರಕ್ಕೆ 48 ಇದ್ದದ್ದು 60 ಆಯಿತು. ಕಾರಣ ಕೊರೊನಾ. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಇದಕ್ಕೆ ಬೇಕಾದ ‘ಸಾರ್ವಜನಿಕ ತುರ್ತುಸ್ಥಿತಿ’ ಎಲ್ಲಿದೆ ತೋರಿಸಿ ಎಂದು ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಕೇಳಿತು. ಜೂನ್ 11ರಂದು ಸರ್ಕಾರ ಆ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು.

ಇಷ್ಟೆಲ್ಲ ನಡೆಯುವಾಗ ನಿಮ್ಮ ಸದನಗಳು ಸೇರಿರಲಿಲ್ಲ. ಮಾರ್ಚಿನಲ್ಲಿ ಮುಗಿದ ಅಧಿವೇಶನ ಮತ್ತೆ ನಡೆದದ್ದು ಸೆಪ್ಟೆಂಬರಿನಲ್ಲಿ. ಲಕ್ಷಾಂತರ ಜನರ ದುಡಿಮೆಯ ಅವಧಿಯನ್ನು ಬದಲಿಸಿದ ಆದೇಶವೊಂದು ಎರಡು ಅಧಿವೇಶನಗಳ ನಡುವೆ ಹುಟ್ಟಿ, ಅಲ್ಲೇ ಸತ್ತಿತು. ಅದರ ಪರವಾಗಿಯೋ ವಿರೋಧವಾಗಿಯೋ ನೀವು ಒಂದು ಮಾತು ಆಡುವ ಪ್ರಸಂಗವೇ ಬರಲಿಲ್ಲ.

ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಸುರಕ್ಷತೆಯ ನಿಯಮಗಳೆಲ್ಲ ದೇವವಾಕ್ಯ ಎಂದು ನಂಬಿದವನಲ್ಲ. ಅವುಗಳಲ್ಲಿ ಎಷ್ಟು ಜೀವ ಉಳಿಸುತ್ತವೆ, ಎಷ್ಟು ಬರೀ ಫೈಲು ತುಂಬಿಸುತ್ತವೆ ಎಂಬುದು ಆ ಕುರ್ಚಿಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಸಾಂಕ್ರಾಮಿಕದ ಕಾಲದಲ್ಲಿ ನಿಯಮ ಸಡಿಲಿಸಲೇಬಾರದು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಯಾವುದನ್ನು ಸಡಿಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಈಗಲೇ, ರೋಗವಿಲ್ಲದ ಕಾಲದಲ್ಲಿ ತೀರ್ಮಾನಿಸಿ ಎಂದು ಕೇಳಲು ಬರೆಯುತ್ತಿದ್ದೇನೆ.

ಈಗಲೇ ಏಕೆ ಎಂದರೆ, ಕಾನೂನು ಬದಲಾಗಿದೆ. ಹಳೆಯ ಕಾರ್ಖಾನೆಗಳ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಯುದ್ಧ, ಹೊರಗಿನ ಆಕ್ರಮಣ, ಆಂತರಿಕ ಕ್ಷೋಭೆಗಳಿಂದ ದೇಶದ ಭದ್ರತೆಗೇ ಗಂಡಾಂತರ ಬಂದಾಗ ಮಾತ್ರ ಸರ್ಕಾರ ವಿನಾಯಿತಿ ಕೊಡಬಹುದಿತ್ತು. ಗುಜರಾತ್ ಸರ್ಕಾರ ಇದೇ ಸೆಕ್ಷನ್ ಹಿಡಿದು 2020ರ ಏಪ್ರಿಲ್ 17ರಂದು ದಿನಕ್ಕೆ 12 ಗಂಟೆ, ವಾರಕ್ಕೆ 72 ಗಂಟೆ ದುಡಿಸಲು ಒಪ್ಪಿಗೆ ಕೊಟ್ಟಿತು. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿಯೂ ಬೇಡ, ಮಾಮೂಲಿ ದರವೇ ಸಾಕು ಎಂದಿತು. ಆ ವರ್ಷ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸಾಂಕ್ರಾಮಿಕ ಎಷ್ಟೇ ಘೋರವಾಗಿದ್ದರೂ ಅದು ಆ ಸೆಕ್ಷನ್ ಹೇಳುವ ತುರ್ತುಸ್ಥಿತಿಯಲ್ಲ, ಆರ್ಥಿಕ ಕಷ್ಟದ ಹೊರೆಯನ್ನು ಕಾರ್ಮಿಕರ ಹೆಗಲಿಗೇ ಏರಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ದುಡಿಸಿಕೊಂಡ ಹೆಚ್ಚುವರಿ ಗಂಟೆಗಳಿಗೆ ಕಾಯ್ದೆಯ ಪ್ರಕಾರವೇ ಓವರ್‌ಟೈಮ್ ಕೊಡಿ ಎಂದೂ ಕೋರ್ಟ್ ಆದೇಶಿಸಿತು.

ಆದರೆ ಆ ತೀರ್ಪು ಬರುವ ಕೆಲವೇ ದಿನಗಳ ಮುಂಚೆ ಸಂಸತ್ತು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಅಂಗೀಕರಿಸಿತ್ತು. ಅದರ ವಿನಾಯಿತಿಯ ಕಲಮಿನಲ್ಲಿ ಸಾರ್ವಜನಿಕ ತುರ್ತುಸ್ಥಿತಿಯ ಪಕ್ಕದಲ್ಲೇ ವಿಪತ್ತು ಮತ್ತು ಸಾಂಕ್ರಾಮಿಕ ಎರಡನ್ನೂ ಸೇರಿಸಲಾಗಿದೆ. ಇವುಗಳಲ್ಲಿ ಯಾವುದು ಬಂದರೂ ಸರ್ಕಾರ ಯಾವುದೇ ಕೆಲಸದ ಜಾಗಕ್ಕೆ ಸಂಹಿತೆಯ ಯಾವುದೇ ಅಂಶದಿಂದ, ಬೇಕಾದರೆ ಎಲ್ಲ ಅಂಶಗಳಿಂದಲೂ, ಒಂದು ಸಲಕ್ಕೆ ಒಂದು ವರ್ಷದವರೆಗೆ ವಿನಾಯಿತಿ ಕೊಡಬಹುದು. 2025ರ ನವೆಂಬರ್ 21ರಿಂದ ಸಂಹಿತೆ ಜಾರಿಯಲ್ಲಿದೆ. ಹೀಗಾಗಿ 2020ರಲ್ಲಿ ಕಾರ್ಮಿಕರನ್ನು ಕಾಪಾಡಿದ ವಾದ ಇನ್ನು ಮುಂದೆ ನಡೆಯುವುದಿಲ್ಲ. ಮುಂದಿನ ಸಾಂಕ್ರಾಮಿಕದಲ್ಲಿ ಹೈಕೋರ್ಟ್ ಅದೇ ಪ್ರಶ್ನೆ ಕೇಳಿದರೆ ಸರ್ಕಾರದ ವಕೀಲರ ಹತ್ತಿರ ಉತ್ತರ ಸಿದ್ಧವಿರುತ್ತದೆ. ಕೋರ್ಟಿನ ಬಾಗಿಲು ಕಿರಿದಾದಷ್ಟೂ ನಿಮ್ಮ ಹೊಣೆ ಹಿರಿದಾಗುತ್ತದೆ.

ಸಡಿಲಿಕೆ ಸರಿಯಾಗಿ ನಡೆದದ್ದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಅದನ್ನು ಮೊದಲು ಹೇಳುವುದು ನ್ಯಾಯ.

2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನಪಿಸಿಕೊಳ್ಳಿ. ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕೆ ಹಾಹಾಕಾರ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತ ಆ ರಾತ್ರಿಯನ್ನು ಯಾರೂ ಮರೆತಿಲ್ಲ. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ದ್ರವ ಆಮ್ಲಜನಕ ತಯಾರಾಗುತ್ತಿತ್ತು, ಆದರೆ ಅದನ್ನು ಸಾಗಿಸಲು ಟ್ಯಾಂಕರ್‌ಗಳು ಸಾಲುತ್ತಿರಲಿಲ್ಲ. ಆಗ ಎರಡು ಸಡಿಲಿಕೆಗಳು ಕೆಲಸಕ್ಕೆ ಬಂದವು. ಆಮ್ಲಜನಕ ಸಾಗಿಸುವ ವಾಹನಗಳಿಗೆ ಮೋಟಾರು ವಾಹನ ಕಾಯ್ದೆಯ ಪರ್ಮಿಟ್ ಬೇಕಿಲ್ಲ ಎಂದು ಕೇಂದ್ರ ಸರ್ಕಾರ ಮೊದಲ ಅಲೆಯ ಹೊತ್ತಿಗೇ ಹೇಳಿತ್ತು. ಎರಡನೇ ಅಲೆಯಲ್ಲಿ ಆರ್ಗಾನ್ ಮತ್ತು ನೈಟ್ರೋಜನ್ ಟ್ಯಾಂಕರ್‌ಗಳನ್ನು ಆಮ್ಲಜನಕಕ್ಕೆ ಮಾರ್ಪಡಿಸಿಕೊಳ್ಳಲು ಅನುಮತಿ ಸಿಕ್ಕಿತು.

ಇಲ್ಲಿ ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ ನೋಡಿ. ಪರ್ಮಿಟ್ ಎಂಬುದು ಕಾಗದ. ಅದಿಲ್ಲದೆ ಗಡಿ ದಾಟಿದರೆ ಯಾರ ಮೈಗೂ ಗಾಯವಾಗುವುದಿಲ್ಲ. ಟ್ಯಾಂಕಿನ ಒಳಗನ್ನು ಶುದ್ಧ ಮಾಡುವ ಕೆಲಸ ಹಾಗಲ್ಲ. ಜಿಡ್ಡು ಅಂಟಿದ ಕವಾಟಕ್ಕೆ ಒತ್ತಡದ ಆಮ್ಲಜನಕ ತಾಗಿದರೆ ಕಿಡಿಯಿಲ್ಲದೆಯೂ ಬೆಂಕಿ ಹೊತ್ತಿಕೊಳ್ಳಬಹುದು. ‘ಜನ ಸಾಯುತ್ತಿದ್ದಾರೆ, ತೊಳೆಯಲು ಸಮಯವಿಲ್ಲ’ ಎಂದು ಯಾರೂ ಹೇಳುವಂತಿರಲಿಲ್ಲ. ಹೇಳಿದ್ದರೆ ಟ್ಯಾಂಕರ್ ಆಸ್ಪತ್ರೆ ತಲುಪುವ ಭರವಸೆಯೇ ಇರುತ್ತಿರಲಿಲ್ಲ. ಕಾಗದ ಸಡಿಲವಾಯಿತು, ಮೈ ಕಾಯುವ ನಿಯಮ ಬಿಗಿಯಾಗಿಯೇ ಉಳಿಯಿತು. ಟ್ಯಾಂಕರ್‌ಗಳು ಓಡಿದವು.

ನನ್ನ ವಾದವೆಲ್ಲ ಇಷ್ಟೇ. ವಿನಾಯಿತಿ ಕೊಟ್ಟ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ, ಅದನ್ನು ಹೊರುವವರು ಬದಲಾಗುತ್ತಾರೆ. ಪರ್ಮಿಟ್ ಬಿಟ್ಟಾಗ ಹೊರೆ ಸಾರಿಗೆ ಇಲಾಖೆಯ ದಾಖಲೆಯ ಮೇಲೆ ಬೀಳುತ್ತದೆ, ಅದು ತಾಳಿಕೊಳ್ಳುತ್ತದೆ. ದುಡಿಮೆಯ ಗಂಟೆ ಏರಿಸಿದಾಗ ಹೊರೆ ಮನುಷ್ಯನ ಮೈಮೇಲೆ ಬೀಳುತ್ತದೆ. ಆದ್ದರಿಂದ ಪ್ರತಿ ಸಡಿಲಿಕೆಗೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರ ಪಾಲಿಗೆ ಹೋಗುತ್ತದೆ, ಅವರನ್ನು ಕೇಳಿದ್ದೇವೆಯೇ?

ಅಮೆರಿಕದ ಎರಡು ತೀರ್ಮಾನಗಳನ್ನು ಪಕ್ಕಪಕ್ಕ ಇಟ್ಟರೂ ಇದೇ ಕಾಣುತ್ತದೆ. ಎನ್-95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂಬ ಪರೀಕ್ಷೆಯನ್ನು ಅಲ್ಲಿ ವರ್ಷಕ್ಕೊಮ್ಮೆ ಮಾಡಬೇಕು. ಪರೀಕ್ಷೆಗೂ ಮಾಸ್ಕ್ ಖರ್ಚಾಗುತ್ತದೆ. 2020ರ ಮಾರ್ಚಿನಲ್ಲಿ ಮಾಸ್ಕ್‌ಗೆ ಅಭಾವ ಬಂದಾಗ ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆಯು ಆಸ್ಪತ್ರೆಗಳಿಗೆ ವರ್ಷದ ಮರುಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿತು. ಆದರೆ ಮೊದಲ ಸಲದ ಪರೀಕ್ಷೆ ಮಾಡಲೇಬೇಕು, ಪ್ರತಿ ಬಾರಿ ತೊಡುವಾಗಲೂ ಗಾಳಿ ಸೋರುತ್ತಿಲ್ಲ ಎಂದು ನೋಡಿಕೊಳ್ಳಬೇಕು, ರಿಯಾಯಿತಿಯ ಕಾರಣವನ್ನು ನೌಕರರಿಗೆ ತಿಳಿಸಬೇಕು ಎಂದು ಷರತ್ತು ಹಾಕಿತು. ಇದು ಲೆಕ್ಕ ಹಾಕಿ ಮಾಡಿದ ಸಡಿಲಿಕೆ.

ಅದೇ ವರ್ಷ ಏಪ್ರಿಲ್ 28ರಂದು ಅಧ್ಯಕ್ಷ ಟ್ರಂಪ್ ಮಾಂಸ ಸಂಸ್ಕರಣಾ ಘಟಕಗಳು ನಡೆಯುತ್ತಲೇ ಇರಬೇಕೆಂದು ರಕ್ಷಣಾ ಉತ್ಪಾದನಾ ಕಾಯ್ದೆಯ ಬಲದಿಂದ ಆದೇಶ ಹೊರಡಿಸಿದರು. ಹೆಗಲಿಗೆ ಹೆಗಲು ತಾಗಿಸಿ, ತಂಪು ಗಾಳಿಯಲ್ಲಿ, ಓಡುವ ಸಾಲಿನ ಮುಂದೆ ನಿಂತು ಮಾಂಸ ಕತ್ತರಿಸುವ ಕೆಲಸ ಅದು. ಅಷ್ಟು ಹೊತ್ತಿಗಾಗಲೇ ದಕ್ಷಿಣ ಡಕೋಟದ ಸೂ ಫಾಲ್ಸ್ ಊರಿನ ದೊಡ್ಡ ಹಂದಿಮಾಂಸದ ಕಾರ್ಖಾನೆ ಬಾಗಿಲು ಹಾಕಿತ್ತು. ಹಾಕಿಸಿದ್ದು ಸುರಕ್ಷತಾ ನಿಯಮವಲ್ಲ, ಕೆಲಸಗಾರರ ನಡುವೆ ಹಬ್ಬಿದ ಸೋಂಕು.

ನಮ್ಮ ನಂಜನಗೂಡನ್ನು ನೆನೆಯಿರಿ. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಔಷಧಿ ಕಾರ್ಖಾನೆಯ ನೌಕರರೊಬ್ಬರಲ್ಲಿ ಸೋಂಕು ಕಂಡಿತು. ಅದರ ಸುತ್ತ ಎಪ್ಪತ್ತಕ್ಕೂ ಹೆಚ್ಚು ಪ್ರಕರಣಗಳು ಬೆಳೆದವು. ಔಷಧಿಗಿಂತ ಅಗತ್ಯವಾದ ವಸ್ತು ಆಗ ಯಾವುದಿತ್ತು? ಆದರೂ ಆ ಕಾರ್ಖಾನೆ ವಾರಗಟ್ಟಲೆ ನಿಂತಿತು. ‘ಅಗತ್ಯ ಸೇವೆ ನಿಲ್ಲಬಾರದು, ಆದ್ದರಿಂದ ಸುರಕ್ಷತೆ ಸಡಿಲಿಸೋಣ’ ಎಂಬ ತರ್ಕ ಇಲ್ಲಿ ತಲೆಕೆಳಗಾಗುತ್ತದೆ. ಸೇವೆ ಅಗತ್ಯವಾದಷ್ಟೂ ಅದನ್ನು ನಡೆಸುವವರ ಸುರಕ್ಷತೆ ಹೆಚ್ಚು ಬಿಗಿಯಾಗಿರಬೇಕು. ಬದಲಿಗೆ ಬೇರೆಯವರನ್ನು ತಂದು ನಿಲ್ಲಿಸಲಾಗದ ಜನ ಅವರು.

ಈಗ ಗಂಟೆಗಳ ಮಾತಿಗೆ ಬರೋಣ. ಕೆಲಸದ ಅವಧಿಯನ್ನು ನಮ್ಮಲ್ಲಿ ಕೂಲಿಯ ವಿಷಯವೆಂದೇ ಕಾಣುತ್ತಾರೆ. ಓವರ್‌ಟೈಮ್ ಕೊಟ್ಟರೆ ಮುಗಿಯಿತು ಎಂಬ ಭಾವನೆ. ನಮ್ಮ ರಾಜ್ಯದ ಅಧಿಸೂಚನೆಯೂ ಗುಜರಾತಿನಷ್ಟು ಕಠೋರವಾಗಿರಲಿಲ್ಲ, ದುಪ್ಪಟ್ಟು ಓವರ್‌ಟೈಮ್ ಕೊಡುವ 59ನೇ ಸೆಕ್ಷನ್ ಅನ್ನು ಅದು ಮುಟ್ಟಲಿಲ್ಲ. ಅದು ಒಳ್ಳೆಯದೇ. ಆದರೆ ನನ್ನ ವೃತ್ತಿಯವರಿಗೆ ಗಂಟೆ ಎಂದರೆ ಮೊದಲು ಸುರಕ್ಷತೆಯ ಲೆಕ್ಕ, ಆಮೇಲೆ ದುಡ್ಡಿನದು.

ಒಂದು ಉದಾಹರಣೆ ಕೊಡುತ್ತೇನೆ. ಕಾರ್ಖಾನೆಯ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟು ಇರಬಹುದು ಎಂಬುದಕ್ಕೆ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದು ಪಟ್ಟಿ ಇತ್ತು. ಪೇಂಟು, ಅಂಟು, ಮುದ್ರಣದ ಕೆಲಸಗಳಲ್ಲಿ ಬಳಸುವ ಟಾಲುವಿನ್‌ಗೆ ಅದರಲ್ಲಿದ್ದ ಮಿತಿ 100 ಪಿಪಿಎಂ. ಈ ಅಂಕಿ 8 ಗಂಟೆಯ ಸರಾಸರಿ. 8 ಗಂಟೆ ಒಳಗೆ ಹೋದದ್ದನ್ನು ಉಳಿದ 16 ಗಂಟೆಯಲ್ಲಿ ದೇಹ ಹೊರಹಾಕುತ್ತದೆ ಎಂಬ ಲೆಕ್ಕದ ಮೇಲೆ ಅದು ನಿಂತಿದೆ. ಪಾಳಿ ಉದ್ದವಾದರೆ ಎರಡು ಕಡೆಯಿಂದಲೂ ಪೆಟ್ಟು: ಸೇರುವ ಹೊತ್ತು ಹೆಚ್ಚುತ್ತದೆ, ಕಳೆಯುವ ಹೊತ್ತು ಕುಗ್ಗುತ್ತದೆ. ಇದನ್ನು ಸರಿದೂಗಿಸಲು ಬ್ರೀಫ್ ಮತ್ತು ಸ್ಕಾಲಾ ಎಂಬುವರು ಕೊಟ್ಟ ಸೂತ್ರವೊಂದು ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿದೆ. ಅದರ ಪ್ರಕಾರ 10 ಗಂಟೆಯ ಪಾಳಿಗೆ ಮಿತಿಯನ್ನು ಶೇ 70ಕ್ಕೆ ಇಳಿಸಬೇಕು. 12 ಗಂಟೆಯ ಪಾಳಿಗೆ ಅರ್ಧಕ್ಕೆ. ಎಂದರೆ ಟಾಲುವಿನ್ ಮಿತಿ 100ರಿಂದ 50ಕ್ಕೆ ಇಳಿಯಬೇಕು.

2020ರಲ್ಲಿ ಗಂಟೆ ಏರಿಸಿದ ಆದೇಶಗಳು 51, 54 ಎಂಬ ಎರಡು ಸಂಖ್ಯೆಗಳ ಸುತ್ತ ತಿರುಗಿದವು. ಈ ಪಟ್ಟಿಯ ಕಡೆ ಯಾರ ಕಣ್ಣೂ ಹೋಗಲಿಲ್ಲ. ಗಂಟೆಯ ನಿಯಮವನ್ನು ಬದಲಿಸುವವರು ತಾವು ವಿಷದ ನಿಯಮವನ್ನೂ ಬದಲಿಸುತ್ತಿದ್ದೇವೆ ಎಂದು ತಿಳಿದಿದ್ದರೆ ಕೈ ತುಸು ತಡೆಯುತ್ತಿತ್ತೇನೋ.

ಉದ್ದ ಪಾಳಿಯ ಪರವಾಗಿ ಒಂದು ಗಟ್ಟಿ ವಾದ ಇತ್ತು, ಅದನ್ನೂ ಎದುರಿಸೋಣ. 2020ರ ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿ ಪಾಳಿಗಳ ನಡುವೆ ಒಂದು ಗಂಟೆಯ ಅಂತರ ಇರಬೇಕೆಂದಿತು. ಹೊರಹೋಗುವವರೂ ಒಳಬರುವವರೂ ಗೇಟಿನಲ್ಲಿ ಗುಂಪುಗೂಡಬಾರದು ಎಂಬ ಉದ್ದೇಶ ಸರಿಯಾದದ್ದೇ. ಆದರೆ 8 ಗಂಟೆಯ ಮೂರು ಪಾಳಿಗೆ ಮೂರು ಗಂಟೆಯ ಅಂತರ ಸೇರಿದರೆ 27 ಗಂಟೆ, ಅದು ದಿನದೊಳಗೆ ಹಿಡಿಯುವುದಿಲ್ಲ. ಆದ್ದರಿಂದ ಎರಡೇ ಪಾಳಿ ಮಾಡಿ, ಗಂಟೆ ಏರಿಸಿ ಎಂದರು.

ಲೆಕ್ಕವನ್ನು ಇನ್ನೊಂದು ದಿಕ್ಕಿನಿಂದಲೂ ಮಾಡಬಹುದಿತ್ತು. ಪಾಳಿಯನ್ನು 7 ಗಂಟೆಗೆ ಇಳಿಸಿದರೆ ಮೂರು ಪಾಳಿ ಮತ್ತು ಮೂರು ಅಂತರ ಸೇರಿ ಸರಿಯಾಗಿ 24 ಗಂಟೆ. ಯಂತ್ರ ಓಡುವುದು 21 ಗಂಟೆ. ಎರಡು ಪಾಳಿಯ ಪದ್ಧತಿಯಲ್ಲಿ ಎರಡು ಅಂತರ ಕಳೆದರೆ ತಲಾ 11 ಗಂಟೆ, ಯಂತ್ರ ಓಡುವುದು 22 ಗಂಟೆ. ದಿನಕ್ಕೆ ಒಂದೇ ಒಂದು ಗಂಟೆಯ ವ್ಯತ್ಯಾಸ! ಉಸಿರಿನಿಂದ ಹರಡುವ ರೋಗದ ಕಾಲದಲ್ಲಿ ಒಂದೇ ಛಾವಣಿಯಡಿ 7 ಗಂಟೆ ಇರುವುದಕ್ಕೂ 11 ಗಂಟೆ ಇರುವುದಕ್ಕೂ ಇರುವ ವ್ಯತ್ಯಾಸವನ್ನು ವೈದ್ಯರೇ ಹೇಳಬೇಕಾಗಿಲ್ಲ.

ಹಾಗಾದರೆ 7 ಗಂಟೆಯ ಪಾಳಿ ಏಕೆ ಯಾರ ಬಾಯಲ್ಲೂ ಬರಲಿಲ್ಲ? ಮೂರು ಪಾಳಿಗೆ ಮೂರು ತಂಡ ಬೇಕು, ಎರಡಕ್ಕೆ ಎರಡು ತಂಡ ಸಾಕು. ಅಂತರಕ್ಕಿಂತ ದೊಡ್ಡ ಚಿಂತೆ ಆಳಿನ ಅಭಾವ. ಅದೂ ನಿಜವಾದ ಕಷ್ಟವೇ, ಅಲ್ಲಗಳೆಯುವುದಿಲ್ಲ. ವಲಸೆ ಕಾರ್ಮಿಕರು ಊರಿಗೆ ಹೊರಟಿದ್ದರು. ಆ ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ಸರ್ಕಾರ ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿ, ಕಾರ್ಮಿಕರಿಗೆಂದು ಕೇಳಿದ್ದ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಬರೆದು, ಆಕ್ಷೇಪ ಎದ್ದ ಮೇಲೆ ಆ ತೀರ್ಮಾನ ಬದಲಿಸಿದ್ದು ನಿಮಗೆ ನೆನಪಿರಬಹುದು. ಹೊರಟವರನ್ನು ತಡೆಯುವ ಯತ್ನವನ್ನೂ, ಉಳಿದವರ ದುಡಿಮೆಯನ್ನು ಉದ್ದ ಮಾಡುವ ಅಧಿಸೂಚನೆಯನ್ನೂ ಒಂದೇ ತಿಂಗಳು ಕಂಡಿತು. ಎರಡರ ಹಿಂದೆಯೂ ಇದ್ದ ಯೋಚನೆ ಒಂದೇ: ಉತ್ಪಾದನೆ ಇಷ್ಟೇ ಇರಬೇಕು, ಮನುಷ್ಯ ಹೊಂದಿಕೊಳ್ಳಲಿ. ಆಳು ಕಡಿಮೆ ಇದ್ದಾಗ ಗುರಿಯನ್ನೂ ಕಡಿಮೆ ಮಾಡಬಹುದು ಎಂಬುದು ಯಾವ ಅಧಿಸೂಚನೆಯಲ್ಲೂ ಬರಲಿಲ್ಲ.

ಬರಲೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಒಂದು ಕಡೆ ಬಂತು, ಆದರೆ ಸಾವಾದ ಮೇಲೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಆವಿ ಸೋರಿ ಪಕ್ಕದ ವೆಂಕಟಾಪುರದ ಮೇಲೆ ಕವಿಯಿತು. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಸ್ಟೈರೀನ್ ಅನ್ನು ತಂಪಾಗಿಡಬೇಕು, ಅದು ತಾನಾಗಿ ಗಟ್ಟಿಯಾಗದಂತೆ ತಡೆಯುವ ರಾಸಾಯನಿಕವನ್ನು ಬೆರೆಸುತ್ತಿರಬೇಕು. ಲಾಕ್‌ಡೌನ್‌ನಲ್ಲಿ ನಿಂತಿದ್ದ ಘಟಕದಲ್ಲಿ ಎರಡೂ ಸರಿಯಾಗಿ ನಡೆದಿರಲಿಲ್ಲ. ಎಚ್ಚರಿಸಬೇಕಿದ್ದ ಸೈರನ್ ಕೂಗಲಿಲ್ಲ. ಅದೇ ದಿನ ತಮಿಳುನಾಡಿನ ನೇವೇಲಿಯ ವಿದ್ಯುತ್ ಸ್ಥಾವರದಲ್ಲೂ ಬಾಯ್ಲರ್ ಅವಘಡವಾಯಿತು. ಜುಲೈ 1ರಂದು ಅಲ್ಲೇ ಇನ್ನೊಂದು ಬಾಯ್ಲರ್ ಸಿಡಿಯಿತು.

ವಿಶಾಖಪಟ್ಟಣದ ದುರಂತವಾದ ಎರಡು ದಿನಕ್ಕೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಕಾರ್ಖಾನೆಗಳನ್ನು ಮತ್ತೆ ಆರಂಭಿಸುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಮೊದಲ ವಾರವನ್ನು ಪರೀಕ್ಷಾರ್ಥ ಓಟ ಎಂದೇ ಭಾವಿಸಿ, ಹೆಚ್ಚಿನ ಉತ್ಪಾದನೆಯ ಗುರಿ ಇಟ್ಟುಕೊಳ್ಳಬೇಡಿ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು. ಎಷ್ಟು ವಿವೇಕದ ಮಾತು! ಆದರೆ ಅದೇ ವಾರಗಳಲ್ಲಿ ರಾಜ್ಯಗಳು ಒಂದರ ಹಿಂದೊಂದು ಗಂಟೆ ಏರಿಸುತ್ತಿದ್ದವು. ಉತ್ತರ ಪ್ರದೇಶ ಬಹುಪಾಲು ಕಾರ್ಮಿಕ ಕಾನೂನುಗಳನ್ನೇ ಮೂರು ವರ್ಷ ಪಕ್ಕಕ್ಕಿಡುವ ಸುಗ್ರೀವಾಜ್ಞೆಗೆ ಮುಂದಾಗಿತ್ತು. ಸರ್ಕಾರದ ಒಂದು ಕೈ ನಿಧಾನಿಸಿ ಎನ್ನುತ್ತಿತ್ತು, ಇನ್ನೊಂದು ಕೈ ಓಡಿ ಎನ್ನುತ್ತಿತ್ತು. ಕಾರ್ಖಾನೆಯವರು ಯಾವ ಕೈ ನೋಡಬೇಕು?

ಆಸ್ಪತ್ರೆಗಳ ವಿಷಯದಲ್ಲೂ ಹೀಗೇ ಆಯಿತು. 2020ರ ಆಗಸ್ಟಿನಲ್ಲಿ ಅಹಮದಾಬಾದಿನ ಕೋವಿಡ್ ಆಸ್ಪತ್ರೆಯೊಂದರಲ್ಲಿ ಬೆಂಕಿ ಬಿದ್ದು 8 ರೋಗಿಗಳು ಸತ್ತರು. ನವೆಂಬರಿನಲ್ಲಿ ರಾಜ್‌ಕೋಟ್, ಮರುವರ್ಷ ವಿರಾರ್, ಭರೂಚ್ ಎಂದು ಸರಣಿಯೇ ನಡೆಯಿತು. ಇಷ್ಟಾದ ಮೇಲೂ ಗುಜರಾತ್ ಸರ್ಕಾರ 2021ರ ಜುಲೈನಲ್ಲಿ, ಕಟ್ಟಡದ ನಿಯಮ ಪಾಲಿಸದ ಆಸ್ಪತ್ರೆಗಳಿಗೆ ಮರುವರ್ಷದವರೆಗೆ ಗಡುವು ವಿಸ್ತರಿಸಿತು. ಹಾಸಿಗೆಗಳ ಅಭಾವವಿದೆ ಎಂಬುದು ಸಮಜಾಯಿಷಿ. ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. ಎದ್ದು ಓಡಲಾಗದ ರೋಗಿ, ಕೊಳವೆಗಳಲ್ಲಿ ಹರಿಯುವ ಆಮ್ಲಜನಕ, ಬಿಡುವಿಲ್ಲದೆ ಓಡುವ ಎಸಿ ಮತ್ತು ವೆಂಟಿಲೇಟರ್ ಇರುವ ಕಡೆ ಬೆಂಕಿಯ ಅಪಾಯ ಸಾಂಕ್ರಾಮಿಕದಲ್ಲಿ ಹೆಚ್ಚುತ್ತದೆ. ಅಪಾಯ ಹೆಚ್ಚಿದ ಹೊತ್ತಿನಲ್ಲೇ ಅದರ ವಿರುದ್ಧದ ನಿಯಮವನ್ನು ಸಡಿಲಿಸಿದ್ದು ಯಾವ ನ್ಯಾಯ?

ಮಾನ್ಯರೇ, ಇನ್ನೊಂದು ವರ್ಗದ ಜನರಿದ್ದಾರೆ. ಅವರಿಗೆ ಸಡಿಲಿಸಲು ನಿಯಮವೇ ಇರಲಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸೋಂಕಿತರನ್ನು ಗುರುತಿಸಿದರು. 2020ರ ಏಪ್ರಿಲ್ ಮೊದಲಲ್ಲೇ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಅವರ ಮೇಲೆ ಹಲ್ಲೆಯಾಯಿತು. ಜುಲೈನಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಸರ್ಕಾರದ ಲೆಕ್ಕದಲ್ಲಿ ಅವರು ‘ಸ್ವಯಂಸೇವಕಿಯರು’, ಕಾರ್ಮಿಕರಲ್ಲ. ಕೇಂದ್ರ ಸರ್ಕಾರ 50 ಲಕ್ಷ ರೂಪಾಯಿಯ ವಿಮೆಯಲ್ಲಿ ಅವರನ್ನು ಸೇರಿಸಿತು, ನಿಜ. ಆದರೆ ವಿಮೆ ಕೆಲಸಕ್ಕೆ ಬರುವುದು ಜೀವ ಹೋದ ಮೇಲೆ. ಕಸ ಎತ್ತುವ ಪೌರಕಾರ್ಮಿಕರು, ಆಂಬುಲೆನ್ಸ್ ಚಾಲಕರು, ಚಿತಾಗಾರದಲ್ಲಿ ದುಡಿದವರು, ಗುತ್ತಿಗೆಯ ಮೇಲೆ ವಾರ್ಡ್ ಗುಡಿಸಿದವರು ಇವರಿಗೆಲ್ಲ ಯಾವ ಮಾಸ್ಕ್, ಎಷ್ಟು ಹೊತ್ತಿನ ಪಾಳಿ, ಸೋಂಕು ತಗುಲಿದರೆ ಎಷ್ಟು ದಿನದ ಸಂಬಳದ ರಜೆ ಎಂಬುದು ಎಲ್ಲಿ ಬರೆದಿತ್ತು? ನಾವು ವಿನಾಯಿತಿಯ ಬಗ್ಗೆ ವಾದಿಸುವಾಗ ಇವರು ಶಾಶ್ವತ ವಿನಾಯಿತಿಯಲ್ಲೇ ಬದುಕುತ್ತಿದ್ದರು.

‘ಇದೆಲ್ಲ ತಾತ್ಕಾಲಿಕ, ಮೂರು ತಿಂಗಳ ಮಾತು’ ಎಂದು ಆಗ ಸಮಾಧಾನ ಹೇಳಿದವರಿದ್ದರು. ಚರಿತ್ರೆ ನೋಡಿ. ವಾರಕ್ಕೆ 60 ಗಂಟೆ ಎಂಬ ಮಿತಿ ಈ ದೇಶಕ್ಕೆ ಬಂದದ್ದು 1922ರ ಕಾಯ್ದೆಯಿಂದ, ಬ್ರಿಟಿಷರ ಕಾಲದಲ್ಲಿ. 1934ರಲ್ಲಿ ಅದು 54ಕ್ಕೆ ಇಳಿಯಿತು, 1946ರಲ್ಲಿ 48ಕ್ಕೆ. ಮೇ 22ರ ಅಧಿಸೂಚನೆ ಒಂದು ಸಹಿಯಲ್ಲಿ ನಮ್ಮನ್ನು 98 ವರ್ಷ ಹಿಂದಕ್ಕೆ ಕರೆದೊಯ್ದಿತು. ಅದು ಮೂರು ವಾರದಲ್ಲಿ ಸತ್ತರೂ ಅದರ ಹಿಂದಿನ ಆಸೆ ಸಾಯಲಿಲ್ಲ. 2023ರ ಫೆಬ್ರವರಿಯಲ್ಲಿ, ಸಾಂಕ್ರಾಮಿಕದ ನೆಪವೂ ಇಲ್ಲದ ಕಾಲದಲ್ಲಿ, ನಿಮ್ಮ ಸದನಗಳು ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ಅಂಗೀಕರಿಸಿದವು. ವಾರಕ್ಕೆ 48 ಎಂಬ ಮಿತಿ ಉಳಿಸಿಕೊಂಡು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿದವು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿದವು. ಕಾರ್ಮಿಕರ ಒಪ್ಪಿಗೆ ಬೇಕೆಂದು ಅದರಲ್ಲಿತ್ತು. ಸಂಸಾರ ಹೊತ್ತವರು ಮೇಲ್ವಿಚಾರಕರ ಮುಂದೆ ನಿಂತು ‘ಒಪ್ಪುವುದಿಲ್ಲ’ ಎನ್ನುವುದು ಎಷ್ಟು ಸುಲಭ ಎಂದು ಅವರನ್ನೇ ಕೇಳಿ. ತುರ್ತಿನಲ್ಲಿ ಒಮ್ಮೆ ದಾಟಿದ ಗೆರೆ ಆಮೇಲೆ ಗೆರೆಯಾಗಿ ಕಾಣುವುದಿಲ್ಲ.

‘ತುರ್ತಿನಲ್ಲಿ ಎಲ್ಲರನ್ನೂ ಕೇಳುತ್ತ ಕೂರಲು ಪುರುಸೊತ್ತು ಎಲ್ಲಿರುತ್ತದೆ’ ಎಂಬ ಆಕ್ಷೇಪ ಬರುತ್ತದೆ. ಬರಲಿ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಮ್ಮಲ್ಲಿ ನಗುವುದು ಇದಕ್ಕೇ. ಆಗ ಪುರುಸೊತ್ತು ಇರುವುದಿಲ್ಲ, ಆದ್ದರಿಂದಲೇ ಈಗ ಕೇಳಬೇಕು. ಹೊಸ ಸಂಹಿತೆ ವಿನಾಯಿತಿಯ ಜೊತೆ ‘ಷರತ್ತು’ ವಿಧಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿದೆ. ಆ ಷರತ್ತುಗಳನ್ನು ಮುಂಚೆಯೇ ಬರೆದಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನನ್ನ ಕೋರಿಕೆಗಳು ಇವು:

1. ವಿನಾಯಿತಿಯ ಅಧಿಸೂಚನೆ ಯಾವುದೇ ಇರಲಿ, ಹೊರಟ ಮೇಲೆ ಸೇರುವ ಮೊದಲ ಅಧಿವೇಶನದಲ್ಲೇ ಅದನ್ನು ಉಭಯ ಸದನಗಳ ಮುಂದಿಟ್ಟು ಚರ್ಚಿಸಬೇಕು. ಅಧಿವೇಶನ ದೂರವಿದ್ದರೆ ಸಂಬಂಧಪಟ್ಟ ಸದನ ಸಮಿತಿ ಎರಡು ವಾರದೊಳಗೆ ಅದನ್ನು ಪರಿಶೀಲಿಸಬೇಕು.

2. ‘ಎಲ್ಲ ಕಾರ್ಖಾನೆಗಳಿಗೂ’ ಎಂಬ ಸಾರಾಸಗಟು ವಿನಾಯಿತಿ ಕೂಡದು. ಊದುಕುಲುಮೆಯನ್ನು ದಿಢೀರನೆ ಆರಿಸಲಾಗದು, ನೀರು ಸರಬರಾಜು ನಿಲ್ಲುವಂತಿಲ್ಲ, ಸರಿ. ಅಂಗಿ ಹೊಲಿಯುವ, ಆಟಿಕೆ ಮಾಡುವ ಘಟಕಕ್ಕೂ ಅದೇ ರಿಯಾಯಿತಿ ಏಕೆ? ಯಾವ ಸೇವೆ ಏಕೆ ಅಗತ್ಯ ಎಂಬುದನ್ನು ಅಧಿಸೂಚನೆಯೇ ಹೇಳಬೇಕು.

3. ಎರಡು ಪಟ್ಟಿ ಮಾಡಿ. ಲೈಸೆನ್ಸ್ ನವೀಕರಣದ ದಿನಾಂಕ, ರಿಟರ್ನ್ ಸಲ್ಲಿಕೆ, ಶುಲ್ಕ ಪಾವತಿ, ಪರ್ಮಿಟ್ ಇವು ಸಡಿಲಿಸಬಹುದಾದವು. ಬಾಯ್ಲರ್ ಮತ್ತು ಒತ್ತಡದ ಪಾತ್ರೆಗಳ ತಪಾಸಣೆ, ಅಗ್ನಿ ಸುರಕ್ಷತೆ, ಗಾಳಿಯಲ್ಲಿನ ರಾಸಾಯನಿಕ ಮಿತಿ, ಪಾಳಿಗಳ ನಡುವಿನ ವಿಶ್ರಾಂತಿ, ವಾರದ ರಜೆ, ರಕ್ಷಣಾ ಸಾಮಗ್ರಿ ಇವು ಯಾವ ಕಾರಣಕ್ಕೂ ಮುಟ್ಟಬಾರದವು.

4. ಒಂದು ರಕ್ಷಣೆ ತೆಗೆದರೆ ಇನ್ನೊಂದು ರಕ್ಷಣೆ ಕೊಡಬೇಕು. ಪಾಳಿ ಉದ್ದವಾದರೆ ರಾಸಾಯನಿಕ ಮಿತಿ ಇಳಿಯಬೇಕು, ವಿರಾಮ ಹೆಚ್ಚಬೇಕು, ಮನೆಗೆ ಬಿಡುವ ವಾಹನ ಸಿಗಬೇಕು. ದುಪ್ಪಟ್ಟು ಓವರ್‌ಟೈಮ್‌ಗೆ ವಿನಾಯಿತಿಯೇ ಇರಬಾರದು. ಸೋಂಕು ತಗುಲಿದವರಿಗೆ ಸಂಬಳದ ರಜೆ ಕಡ್ಡಾಯವಾಗಬೇಕು, ಇಲ್ಲದಿದ್ದರೆ ಕೂಲಿ ತಪ್ಪೀತೆಂಬ ಭಯಕ್ಕೆ ಜ್ವರ ಮುಚ್ಚಿಟ್ಟುಕೊಂಡು ಕೆಲಸಕ್ಕೆ ಬರುತ್ತಾರೆ.

5. ಭೋಪಾಲ್ ದುರಂತದ ಪಾಠದಿಂದ 1987ರ ತಿದ್ದುಪಡಿ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಜಾಗ ಕೊಟ್ಟಿತು, ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಹಕ್ಕನ್ನೂ ಕೊಟ್ಟಿತು. ಸಾಂಕ್ರಾಮಿಕದ ವಿನಾಯಿತಿ ಬಳಸುವ ಪ್ರತಿ ಕಾರ್ಖಾನೆಯೂ ಆ ಸಮಿತಿಯ ಮುಂದೆ ಅದನ್ನಿಟ್ಟು, ನಡಾವಳಿಯನ್ನು ಗೇಟಿನ ಬಳಿ ಕನ್ನಡದಲ್ಲಿ ಅಂಟಿಸಬೇಕು. ಗುತ್ತಿಗೆ ಕಾರ್ಮಿಕರ ಪ್ರತಿನಿಧಿಗೂ ಸಮಿತಿಯಲ್ಲಿ ಕುರ್ಚಿ ಇರಬೇಕು.

6. ಒಂದು ವರ್ಷದ ಅವಕಾಶವಿದೆಯೆಂದು ವರ್ಷದ ವಿನಾಯಿತಿ ಕೊಡಬೇಡಿ. 30 ದಿನ ಸಾಕು. ಮುಂದುವರಿಸಬೇಕಾದರೆ ಆ ತಿಂಗಳ ಅಪಘಾತ ಮತ್ತು ಸೋಂಕಿನ ಲೆಕ್ಕವನ್ನು ಪ್ರಕಟಿಸಿ ಮುಂದುವರಿಸಿ.

7. ಆಶಾ ಕಾರ್ಯಕರ್ತೆಯರು, ಪೌರಕಾರ್ಮಿಕರು ಮತ್ತು ಗುತ್ತಿಗೆಯ ಆಸ್ಪತ್ರೆ ಸಿಬ್ಬಂದಿಗೆ ಸಾಂಕ್ರಾಮಿಕ ಕಾಲದ ಕನಿಷ್ಠ ಸುರಕ್ಷತೆ ಏನೆಂದು ಈಗಲೇ ನಿಯಮ ಬರೆಯಿರಿ.

ಇದರಿಂದ ಕೈಗಾರಿಕೆಗೆ ನಷ್ಟವೆಂದು ನಿಮ್ಮ ಬಳಿ ಬಂದು ಹೇಳುವವರಿರುತ್ತಾರೆ. ಅವರ ಮಾತನ್ನೂ ಕೇಳಿ. ಕೇಳಿದ ಮೇಲೆ ನಂಜನಗೂಡು ಎಷ್ಟು ದಿನ ಬಾಗಿಲು ಹಾಕಿತ್ತು, ಅದರ ನಷ್ಟ ಎಷ್ಟು, ಏಳು ಗಂಟೆಯ ಮೂರು ಪಾಳಿಯಲ್ಲಿ ನಡೆದಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕವನ್ನು ಅವರಿಂದಲೇ ತರಿಸಿಕೊಳ್ಳಿ. ನನಗೆ ತಿಳಿದ ಮಟ್ಟಿಗೆ ಒಳ್ಳೆಯ ಕಾರ್ಖಾನೆಯ ಮ್ಯಾನೇಜರುಗಳು ಈ ಲೆಕ್ಕಕ್ಕೆ ಹೆದರುವವರಲ್ಲ. ಪಕ್ಕದ ಕಾರ್ಖಾನೆ ಅಗ್ಗದಲ್ಲಿ ಪಾರಾಗಿಬಿಡುತ್ತದೆ ಎಂಬುದೇ ಅವರ ಭಯ. ಎಲ್ಲರಿಗೂ ಒಂದೇ ಗೆರೆ ಎಳೆದರೆ ಆ ಭಯವೂ ಹೋಗುತ್ತದೆ.

ಮುಂದಿನ ಅಧಿವೇಶನದ ಪ್ರಶ್ನೋತ್ತರ ಕಲಾಪದಲ್ಲಿ ನಿಮ್ಮಲ್ಲಿ ಯಾರಾದರೂ ಒಬ್ಬರು, ಪಕ್ಷ ಯಾವುದಾದರೂ ಸರಿ, ಕಾರ್ಮಿಕ ಸಚಿವರನ್ನು ಹೀಗೆ ಕೇಳಿ: ‘ನಾಳೆ ಇನ್ನೊಂದು ಸಾಂಕ್ರಾಮಿಕ ಬಂದರೆ, ಹೊಸ ಸಂಹಿತೆಯ ವಿನಾಯಿತಿ ಅಧಿಕಾರವನ್ನು ಯಾವ ಷರತ್ತುಗಳ ಮೇಲೆ ಬಳಸುತ್ತೀರಿ? ಆ ಷರತ್ತುಗಳನ್ನು ಸದನದ ಮುಂದೆ ಯಾವಾಗ ಇಡುತ್ತೀರಿ?’ ಉತ್ತರ ಲಿಖಿತವಾಗಿರಲಿ, ಅದರಲ್ಲಿ ದಿನಾಂಕವಿರಲಿ. 2020ರ ಮೇ ತಿಂಗಳಲ್ಲಿ ಆಡಲಾಗದ ಮಾತನ್ನು ಈಗ ಆಡಲು ನಿಮಗೆ ಯಾವ ಅಡ್ಡಿಯೂ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಾರ್ಖಾನೆ ಸುರಕ್ಷತಾ ಅಧಿಕಾರಿ